ಬಟ್ಟೆ ಮೈಗೋ, ಕ್ಯಾಮೆರಾಗೋ?

ನಮಸ್ಕಾರ. ಫ್ಯಾಷನ್ ಫೋಟೋಗಳಲ್ಲಿ ಮೈಗೆ ಅಂಟಿದ ಹಾಗೆ ಕೂತಿರುವ ಡ್ರೆಸ್ ನೋಡಿರುತ್ತೀರಲ್ಲ, ಅದರ ಹಿಂದೆ ಎಷ್ಟೋ ಸಲ ಸಾಲಾಗಿ ಕ್ಲಿಪ್ ಹಾಕಿರುತ್ತಾರೆ. ಸಡಿಲ ಇರುವ ಬಟ್ಟೆಯನ್ನೆಲ್ಲ ಬೆನ್ನಿಗೆ ಎಳೆದು ಹಿಡಿದಿರುತ್ತಾರೆ. ಇದು ಪತ್ರಿಕೆಗಳ ಕಾಲದಿಂದಲೂ ನಡೆದುಕೊಂಡು ಬಂದಿದ್ದೇ. ಆದರೆ ಆಗ ಫೋಟೋ ತೆಗೆಯುವುದು ಕೆಲಸ ಮುಗಿದ ಮೇಲೆ. ಈಗ ಫೋಟೋನೇ ಕೆಲಸ ಆಗಿಬಿಟ್ಟಿದೆ. ನನ್ನ ತಕರಾರು ಇರುವುದು ಇಲ್ಲಿ.

ಹಾಗಂತ ಸೋಷಿಯಲ್ ಮೀಡಿಯಾದಿಂದ ಎಲ್ಲ ಹಾಳಾಯ್ತು ಅಂತ ಗೊಣಗುವುದಿಲ್ಲ. 2010ರಲ್ಲಿ ಇನ್‌ಸ್ಟಾಗ್ರಾಂ ಬರುವ ಮೊದಲು ಹೊಸ ಡಿಸೈನರ್‌ಗೆ ಇದ್ದ ದಾರಿ ತುಂಬಾ ಕಿರಿದು. ದೊಡ್ಡವರ ಕೈಕೆಳಗೆ ವರ್ಷಗಟ್ಟಲೆ ದುಡಿಯಬೇಕು. ಪತ್ರಿಕೆ ಸಂಪಾದಕರ ಕಣ್ಣಿಗೆ ಬೀಳಬೇಕು. ದೊಡ್ಡ ಅಂಗಡಿಯವರು ಹ್ಞೂಂ ಅನ್ನಬೇಕು. ಇನ್‌ಸ್ಟಾಗ್ರಾಂ ಬಂದ ಮೇಲೆ ಅಮೆರಿಕದ ಡಿಸೈನರ್ ವರ್ಜಿಲ್ ಅಬ್ಲೋ ಬೆಳೆದದ್ದನ್ನೇ ನೋಡಿ. ಓದಿದ್ದು ಸಿವಿಲ್ ಎಂಜಿನಿಯರಿಂಗ್, ಆಮೇಲೆ ಆರ್ಕಿಟೆಕ್ಚರ್. ಇನ್‌ಸ್ಟಾಗ್ರಾಂನಲ್ಲಿ ಯುವಕರ ಜೊತೆ ನೇರವಾಗಿ ಮಾತಾಡುತ್ತಲೇ ಬೆಳೆದರು. 2018ರಲ್ಲಿ ಫ್ರಾನ್ಸ್‌ನ ದೊಡ್ಡ ಬ್ರ್ಯಾಂಡ್ ಲೂಯಿ ವಿಟಾನ್‌ನ ಪುರುಷರ ಉಡುಪು ವಿಭಾಗ ಅವರ ಕೈಗೆ ಬಂತು.

2020ರಲ್ಲಿ ಲಿರಿಕಾ ಮಟೋಶಿ ಅನ್ನುವ ಡಿಸೈನರ್ ಮಾಡಿದ ಸ್ಟ್ರಾಬೆರಿ ಡ್ರೆಸ್ ಟಿಕ್‌ಟಾಕ್‌ನಲ್ಲಿ ವೈರಲ್ ಆಯಿತು. ತಿಳಿ ಗುಲಾಬಿ ನೆಟ್ ಬಟ್ಟೆ, ಮೇಲೆಲ್ಲ ಮಿನುಗುವ ಕೆಂಪು ಸ್ಟ್ರಾಬೆರಿ. ಕೊರೋನಾ ಸಮಯ, ಹಾಕಿಕೊಂಡು ಹೋಗಲು ಜಾಗವೇ ಇಲ್ಲ, ಆದರೂ ಜನ ಮುಗಿಬಿದ್ದರು. ಬೆನ್ನಲ್ಲೇ ಅಗ್ಗದ ನಕಲುಗಳೂ ಬಂದವು. ಅಮೆರಿಕದ ಕಾನೂನಿನಲ್ಲಿ ಬಟ್ಟೆಯ ಮೇಲಿನ ಚಿತ್ರಕ್ಕೆ ಕಾಪಿರೈಟ್ ಸಿಗಬಹುದು, ಬಟ್ಟೆಯ ಕಟ್‌ಗೆ, ಅಂದರೆ ಅದನ್ನು ಕತ್ತರಿಸಿ ಕೊಟ್ಟ ಆಕಾರಕ್ಕೆ, ಸಾಮಾನ್ಯವಾಗಿ ಸಿಗುವುದಿಲ್ಲ. ಪೋಸ್ಟ್ ಹಾಕದಿದ್ದರೆ ಗಿರಾಕಿ ಇಲ್ಲ, ಹಾಕಿದರೆ ಕದಿಯುವವರಿಗೂ ಅದೇ ಕ್ಯಾಟಲಾಗ್. ಒಳ್ಳೆ ಪೇಚು, ಅಲ್ವಾ?

ಆದರೆ ನನ್ನ ತಲೆ ಕೊರೆಯುವ ವಿಷಯ ಬೇರೆ. ರೀಲ್ ವೈರಲ್ ಆದ ಮಾರನೇ ದಿನ ಏನಾಗುತ್ತದೆ ಯೋಚಿಸಿ. ಡಿಸೈನರ್ ಹತ್ತಿರ ಇರುವುದು ಒಂದೇ ಅಳತೆಯ ಸ್ಯಾಂಪಲ್. ಆರ್ಡರ್ ಬಂದಿರುವುದು ಎಲ್ಲ ಅಳತೆಗಳಲ್ಲೂ. ಪ್ಯಾಟರ್ನನ್ನು, ಅಂದರೆ ಬಟ್ಟೆ ಕತ್ತರಿಸಲು ಇಟ್ಟುಕೊಳ್ಳುವ ಕಾಗದದ ಅಚ್ಚನ್ನು, ಸುಮ್ನೆ ಜೆರಾಕ್ಸ್ ಮಾಡಿದ ಹಾಗೆ ದೊಡ್ಡದು ಮಾಡಲು ಆಗುವುದಿಲ್ಲ. ಎದೆಯ ಸುತ್ತಳತೆ ಏರಿದಷ್ಟು ಭುಜ ಅಗಲ ಆಗುವುದಿಲ್ಲ. ಕತ್ತು ಇನ್ನೂ ಕಮ್ಮಿ. ಕಂಕುಳಿನ ಸುತ್ತನ್ನು ಬದಲಿಸಿದರೆ ತೋಳಿನ ಮೇಲ್ಭಾಗದ ಬಾಗನ್ನೂ ಅದಕ್ಕೆ ಕೂರುವಂತೆ ತಿದ್ದಬೇಕು. ಅಲ್ಲಿ ಎಡವಟ್ಟಾದರೆ ಕೈ ಎತ್ತಿದಾಗ ಇಡೀ ಡ್ರೆಸ್ ಮೇಲೇರುತ್ತದೆ. ಇದಕ್ಕೆ ಗ್ರೇಡಿಂಗ್ ಅಂತಾರೆ. ನಿಧಾನದ ಕೆಲಸ, ನೋಡುವವರಿಗೆ ಬೋರು. ಇದರ ವಿಡಿಯೋ ಬಂದರೆ ನೀವೂ ಬೆರಳು ಆಡಿಸಿ ಮುಂದೆ ಹೋಗುತ್ತೀರಿ, ನಾನೂ ಅಷ್ಟೇ. ಆದರೆ ದುಡ್ಡು ಕೊಟ್ಟವರ ಮೈಮೇಲೆ ಬಟ್ಟೆ ಸರಿಯಾಗಿ ಕೂರುವುದು ಈ ಕೆಲಸದಿಂದಲೇ.

ಒಬ್ಬರೇ ಬ್ರ್ಯಾಂಡ್ ನಡೆಸುವವರ ದಿನ ಹೇಗಿರುತ್ತದೆ? ಬೆಳಕು ಚೆನ್ನಾಗಿರುವ ಹೊತ್ತು ಶೂಟಿಂಗ್‌ಗೆ. ಆಮೇಲೆ ಎಡಿಟಿಂಗ್, ಕ್ಯಾಪ್ಷನ್, ಮೆಸೇಜುಗಳಿಗೆ ಉತ್ತರ. ಕತ್ತರಿ ಹಿಡಿಯುವುದು ರಾತ್ರಿ. ಇಷ್ಟಾದರೂ ಕೆಲಸಕ್ಕೆ ಕರೆಯುವವರಲ್ಲಿ ಕೆಲವರು ಫಾಲೋವರ್ಸ್ ಎಷ್ಟು ಅಂತ ಕೇಳುತ್ತಾರೆ. ಮಾರಾಟದವರನ್ನು ಹುಡುಕುತ್ತಿದ್ದರೆ ಸರಿ, ಕೇಳಲಿ. ಡಿಸೈನರ್ ಬೇಕು ಅಂತ ಕರೆದು ಇದನ್ನು ಕೇಳುವುದು ನನಗೆ ಸೋಮಾರಿತನ ಅನ್ನಿಸುತ್ತದೆ.

ಬೋರು ಕೆಲಸವನ್ನು ಜನ ನೋಡುವುದೇ ಇಲ್ಲ ಅನ್ನುವುದೂ ಪೂರ್ತಿ ನಿಜವಲ್ಲ. 2020ರಲ್ಲಿ ಗಾಯಕ ಹ್ಯಾರಿ ಸ್ಟೈಲ್ಸ್ ಹಾಕಿದ್ದ ಬಣ್ಣಬಣ್ಣದ ಚೌಕಗಳ ಕಾರ್ಡಿಗನ್, ಅಂದರೆ ಮುಂದೆ ಗುಂಡಿ ಇರುವ ಸ್ವೆಟರ್, ನೆನಪಿದೆಯಾ? ಟಿಕ್‌ಟಾಕ್‌ನಲ್ಲಿ ಜನ ಅದನ್ನು ತಾವೇ ಹೆಣೆಯಲು ಶುರು ಮಾಡಿದರು. ಅದನ್ನು ಮಾಡಿದ ಡಿಸೈನರ್ ಜೊನಾಥನ್ ಆಂಡರ್ಸನ್ ಸಿಟ್ಟಾಗಲಿಲ್ಲ, ಅದನ್ನು ಹೆಣೆಯುವ ಕ್ರಮದ ಪ್ಯಾಟರ್ನನ್ನೇ ಪುಕ್ಕಟೆ ಕೊಟ್ಟುಬಿಟ್ಟರು. ಆಮೇಲೆ ಆ ಕಾರ್ಡಿಗನ್ ಲಂಡನ್ನಿನ ವಿಕ್ಟೋರಿಯಾ ಅಂಡ್ ಆಲ್ಬರ್ಟ್ ಮ್ಯೂಸಿಯಂ ಸೇರಿತು. ಆ ವಿಡಿಯೋಗಳಲ್ಲಿ ಜನ ಕಣ್ಣು ಬಿಟ್ಟು ನೋಡುತ್ತಿದ್ದದ್ದು ಹೆಣಿಗೆಯನ್ನು, ಚೌಕಕ್ಕೆ ಚೌಕ ಜೋಡಿಸುವುದನ್ನು.

ಅದಕ್ಕೇ ಈ ದಾರಿಗೆ ಬರುತ್ತಿರುವವರ ಹತ್ತಿರ ಒಂದು ಬೇಡಿಕೆ. ಹೊಸ ಡ್ರೆಸ್ ತೋರಿಸುವಾಗ ನಿಂತು ತಿರುಗಿದರೆ ಸಾಲದು. ಕುರ್ಚಿ ಮೇಲೆ ಕೂತು ತೋರಿಸಿ. ಕೈ ಎತ್ತಿ ತೋರಿಸಿ. ಒಳಗಿನ ಹೊಲಿಗೆ ತೋರಿಸಿ. ಒಗೆದ ಮೇಲೆ ಇನ್ನೊಮ್ಮೆ ತೋರಿಸಿ. ಲೈಕ್ ಎಷ್ಟು ಬರುತ್ತದೋ ಹೇಳಲಾರೆ, ನಾನಂತೂ ಕೊಳ್ಳುವ ಮೊದಲು ಹುಡುಕುವುದು ಇಂಥ ವಿಡಿಯೋನೇ.