ಪಕ್ಕದೂರಿಗೆ ಏನು ಸಿಕ್ಕಿತು?

ಕೇಳುಗರಿಗೆ ನಮಸ್ಕಾರ. ಒಂದು ಊರಿಗೆ ಪ್ರವಾಸಿಗರು ಜಾಸ್ತಿ ಬಂದರೆ ಸುತ್ತಮುತ್ತಲ ಊರುಗಳೂ ತಾವಾಗಿಯೇ ಉದ್ಧಾರ ಆಗುತ್ತವೆ ಅಂತ ಹೇಳುವವರಿದ್ದಾರೆ. ಆ 'ತಾವಾಗಿಯೇ' ಕೇಳಿದರೆ ನನಗೆ ಸ್ವಲ್ಪ ಸಿಟ್ಟೇ ಬರುತ್ತದೆ. ದುಡ್ಡು ಸುಮ್ನೆ ಊರ ಗಡಿ ದಾಟುವುದಿಲ್ಲ. ಹೋಟೆಲಿನವರು ಪಕ್ಕದೂರಿನವರಿಂದ ಸಾಮಾನು ಕೊಳ್ಳಬೇಕು, ಅವರಿಗೆ ಕೆಲಸ ಕೊಡಬೇಕು, ಇಲ್ಲವೇ ಪ್ರವಾಸಿಯೇ ಅಲ್ಲಿಗೆ ಹೋಗಿ ಒಂದು ರಾತ್ರಿ ಉಳಿಯಬೇಕು. ಆಗ ದಾಟುತ್ತದೆ.

ಮೆಕ್ಸಿಕೋದ ಕಾನ್‌ಕುನ್ ಕಥೆ ಹೇಳುತ್ತೇನೆ, ಇದು ನನಗೆ ಬಲು ಇಷ್ಟ. 1970ರ ಸುಮಾರಿಗೆ ಅಲ್ಲಿ ಕಡಲು, ಮರಳು, ಕಾಡು, ಬೆರಳೆಣಿಕೆಯ ಜನ, ಅಷ್ಟೇ. ಸರ್ಕಾರವೇ ಜಾಗ ಆರಿಸಿ, ಸಾಲ ತಂದು, ರಸ್ತೆ ಹಾಕಿ, ವಿಮಾನ ನಿಲ್ದಾಣ ಕಟ್ಟಿತು. 1974ರಲ್ಲಿ ಮೊದಲ ಹೋಟೆಲುಗಳು ಶುರುವಾದವು. ಈಗ ಪಕ್ಕದ ಯುಕಟಾನ್ ರಾಜ್ಯ ನೋಡಿ. ಅಲ್ಲಿನವರು ಹಗ್ಗಕ್ಕೆ ನಾರು ಕೊಡುವ ಕತ್ತಾಳೆ ಬೆಳೆದು ಬದುಕಿದವರು. ಪ್ಲಾಸ್ಟಿಕ್ ಹಗ್ಗ ಬಂದ ಮೇಲೆ ಕತ್ತಾಳೆ ಕೇಳುವವರೇ ಇಲ್ಲದಂತಾಯಿತು. ಆ ಹಳ್ಳಿಗಳ, ಮಾಯಾ ಅನ್ನುವ ಮೂಲನಿವಾಸಿ ಜನಾಂಗದ ಗಂಡಸರು ಬಸ್ಸು ಹತ್ತಿ ಕಾನ್‌ಕುನ್‌ಗೆ ಹೋದರು, ಗಾರೆ ಕಲಸಿದರು, ಕಲ್ಲು ಹೊತ್ತರು, ಕಟ್ಟಡ ಮುಗಿದ ಮೇಲೆ ಅದೇ ಹೋಟೆಲುಗಳಲ್ಲಿ ಪಾತ್ರೆ ತೊಳೆಯಲು, ಹಾಸಿಗೆ ಹಾಸಲು ನಿಂತರು. ರಜೆಗೆ ಊರಿಗೆ ಬರುವಾಗ ಕೂಲಿ ದುಡ್ಡು ತಂದರು. ಹುಲ್ಲು ಹೊದಿಸಿದ ಮನೆಯ ಪಕ್ಕದಲ್ಲೇ ಸಿಮೆಂಟ್ ಗೋಡೆ ಎದ್ದಿತು. ಒಳ್ಳೆಯದೇ ಅಲ್ವಾ? ಆದರೆ ಮೆಕ್ಕೆಜೋಳದ ಹೊಲಕ್ಕೆ ಬೇಕಾದ ಕೈಗಳೂ ಕಾನ್‌ಕುನ್‌ನಲ್ಲೇ ಇದ್ದವು! ಹೋಟೆಲ್ ಅಡುಗೆಮನೆಯ ಸಾಮಾನಂತೂ ಹೆಚ್ಚಾಗಿ ದೂರದಿಂದ ಬಂತು. ಹಳ್ಳಿಗಳಿಂದ ಆಳು ಹೋದ, ಬೆಳೆ ಹೋಗಲಿಲ್ಲ.

ಅದೇ ಕರಾವಳಿಯಲ್ಲಿ ದಕ್ಷಿಣಕ್ಕೆ ಪ್ಲಾಯಾ ದೆಲ್ ಕಾರ್ಮೆನ್ ಅಂತ ಮೀನುಗಾರರ ಹಳ್ಳಿ ಇತ್ತು. ಅಲ್ಲಿಗೆ ಪ್ರವಾಸಿಗಳೇ ಹೋಗಿ ತಂಗಲು ಶುರು ಮಾಡಿದರು, ಈಗ ಅದು ದೊಡ್ಡ ಪಟ್ಟಣ. ನಾನು ಆಗಲೇ ಹೇಳಿದೆನಲ್ಲ, ರಾತ್ರಿ ಉಳಿಯಬೇಕು!

ಅಯ್ಯೋ, ಕಾನ್‌ಕುನ್‌ನಲ್ಲೇ ಹೊತ್ತು ಹೋಯಿತು. ಕಾಂಬೋಡಿಯಾದ ಆಂಗ್‌ಕೋರ್ ವಾಟ್ ದೇವಾಲಯ ನೋಡಲು ಜಗತ್ತೇ ಬರುತ್ತದೆ, ಆದರೆ ಅಲ್ಲಿನ ಹೋಟೆಲುಗಳ ತರಕಾರಿಯಲ್ಲಿ ಎಷ್ಟೋ ಪಾಲು ಬಹುಕಾಲ ಗಡಿಯಾಚೆ ವಿಯೆಟ್ನಾಂ, ಥಾಯ್ಲೆಂಡ್‌ನಿಂದ ಬರುತ್ತಿತ್ತು. ಪಕ್ಕದ ಹಳ್ಳಿಯ ರೈತ ದಿನಾ ಒಂದೇ ಸಮ ಸರಬರಾಜು ಮಾಡಲು ನೀರು ಬೇಕು, ದಾಸ್ತಾನು ಬೇಕು, ಲಾರಿ ಬೇಕು. ಅದಕ್ಕೆ ದುಡ್ಡು ಹಾಕದೆ ಬರೀ ಜಾಹೀರಾತು ಕೊಟ್ಟರೆ ಏನು ಪ್ರಯೋಜನ? ಇನ್ನು ವೆನಿಸ್. ಅಲ್ಲಿ ರೂಮು ದುಬಾರಿ ಅಂತ ಎಷ್ಟೋ ಜನ ಸೇತುವೆಯಾಚೆ ಒಣನೆಲದ ಮೇಲಿರುವ ಮೆಸ್ತ್ರೆ ಅನ್ನುವ ಕಡೆ ಮಲಗುತ್ತಾರೆ, ಹಾಗಾಗಿ ಮೆಸ್ತ್ರೆಗೆ ದುಡ್ಡು ದಾಟಿತು.

ಬಾಡಿಗೆ ವಿಷಯ ಒಂದೇ ಉಸಿರಿಗೆ ಹೇಳಿಬಿಡುತ್ತೇನೆ. ಪ್ರವಾಸಿ ಊರಲ್ಲಿ ಮನೆ ಸಿಗದ ಕೆಲಸಗಾರರು ಪಕ್ಕದೂರಿಗೆ ಬರುತ್ತಾರೆ, ಅಲ್ಲಿ ಬಾಡಿಗೆ ಏರುತ್ತದೆ, ಮನೆ ಮಾಲೀಕರಿಗೆ ಹಬ್ಬ, ಬಾಡಿಗೆಗೆ ಇದ್ದವರು ಇನ್ನೂ ಆಚೆಯ ಊರು ಹುಡುಕುತ್ತಾರೆ. ನಮಸ್ಕಾರ.