ಹುಳಕ್ಕೊಂದು ಚೀಟಿ

ಕೇಳುಗರಿಗೆಲ್ಲ ನಮಸ್ಕಾರ.

ಹೋದ ವಾರ ಅಕ್ಕನ ಮಗಳನ್ನು ಡಿಗ್ರಿಗೆ ಸೇರಿಸಲು ಕಾಲೇಜಿಗೆ ಹೋಗಿದ್ದೆ. ಫೀಸು ಕಟ್ಟುವ ಕ್ಯೂ ಗೇಟಿನವರೆಗೂ ಇತ್ತು. ಅವಳನ್ನು ಕ್ಯೂನಲ್ಲಿ ನಿಲ್ಲಿಸಿ ಸುಮ್ನೆ ಅಡ್ಡಾಡುತ್ತಿದ್ದೆ. ಪ್ರಾಣಿಶಾಸ್ತ್ರ ವಿಭಾಗದ ಮ್ಯೂಸಿಯಂ ಬಾಗಿಲು ತೆರೆದಿತ್ತು, ಒಳಗೆ ಹೋದೆ. ಸೈನ್ಸ್ ಓದಿದವರಿಗೆ ಈ ಕೋಣೆ ಗೊತ್ತೇ ಇರುತ್ತದೆ. ಫಾರ್ಮಲಿನ್ ವಾಸನೆ, ಜಾಡಿಯೊಳಗೆ ಬಿಳಿಚಿಕೊಂಡ ಹಾವು, ಗೋಡೆಯ ಮೇಲೆ ದೂಳು ಹಿಡಿದ ಜಿಂಕೆ ಕೊಂಬು. ಮೂಲೆಯಲ್ಲಿ, ಯಾರೂ ನೋಡದ ಜಾಗದಲ್ಲಿ, ಗಾಜಿನ ಮುಚ್ಚಳದ ಹುಳದ ಪೆಟ್ಟಿಗೆಗಳು.

ಮೊದಲ ಪೆಟ್ಟಿಗೆಯಲ್ಲೇ ಜೀರ್ಜಿಂಬೆ! ನನಗೆ ಐವತ್ತು ದಾಟಿದೆ, ಆದರೂ ಅದನ್ನು ಕಂಡ ತಕ್ಷಣ ಬೆಂಕಿಪೊಟ್ಟಣ ನೆನಪಾಯಿತು. ಬಯಲುಸೀಮೆಯಲ್ಲಿ ಬೆಳೆದವರು ಈಗ ನಗುತ್ತಿರುತ್ತೀರಿ, ಅಲ್ವಾ? ಮುಂಗಾರು ಬಿದ್ದ ಮೇಲೆ ಜಾಲಿ ಗಿಡದಿಂದ ಹಿಡಿದು ತರುವುದು, ಪೊಟ್ಟಣಕ್ಕೆ ಹಾಕಿ ಜಾಲಿ ಸೊಪ್ಪು ತುರುಕುವುದು, ಪಾಠದ ಮಧ್ಯೆ ಮೆಲ್ಲಗೆ ತೆರೆದು ಮೊಟ್ಟೆ ಇಟ್ಟಿತಾ ಅಂತ ನೋಡುವುದು. ಆ ಹುಳ ಸತ್ತು ಎಷ್ಟು ಕಾಲವಾಗಿತ್ತೋ, ರೆಕ್ಕೆ ಮಾತ್ರ ನಿನ್ನೆ ಹಿಡಿದ ಹಾಗೆ ಹಸಿರಾಗಿ ಮಿಂಚುತ್ತಿತ್ತು. ಯಾಕೆಂದರೆ ಅದು ಬಳಿದಂಥ ಬಣ್ಣವಲ್ಲ. ಆ ಗಟ್ಟಿ ಚಿಪ್ಪಿನಲ್ಲಿ ತೀರಾ ತೆಳುವಾದ ಪದರಗಳಿವೆ, ಬೆಳಕು ಅವುಗಳಿಗೆ ಬಡಿದು ವಾಪಸ್ ಬರುವಾಗ ಹಸಿರಾಗಿ ಕಾಣುತ್ತದೆ. ಸೋಪಿನ ಗುಳ್ಳೆಯ ಮೇಲೆ ಬಣ್ಣ ಆಡುತ್ತದಲ್ಲ, ಹಾಗೆ. ಪದರ ಉಳಿದಷ್ಟು ದಿನ ಹೊಳಪೂ ಉಳಿಯುತ್ತದೆ.

ಗುಂಡುಸೂಜಿ ಚುಚ್ಚಿದ್ದು ನಟ್ಟನಡುವೆ ಅಲ್ಲ, ಬಲಗಡೆ ರೆಕ್ಕೆಗೆ. ದುಂಬಿ ಜಾತಿಯ ಹುಳಗಳಿಗೆಲ್ಲ ಹಾಗೇ ಚುಚ್ಚುತ್ತಾರೆ. ಹುಳದ ಎರಡೂ ಪಕ್ಕ ಒಂದೇ ಥರ ಇರುವುದರಿಂದ ಬಲಗಡೆ ಹಾಳಾದರೂ ಎಡಗಡೆ ನೋಡಿಕೊಳ್ಳಬಹುದು. ಯಾರೋ ಕಲಿತವರೇ ಮಾಡಿದ ಕೆಲಸ.

ಪಕ್ಕದಲ್ಲಿ ಒಂದು ಏರೋಪ್ಲೇನ್ ಚಿಟ್ಟೆ. ಪಾಪ, ಒಣಗಿದ ಕಡ್ಡಿಯ ಹಾಗೆ ಕಂದುಬಣ್ಣಕ್ಕೆ ತಿರುಗಿತ್ತು. ಸತ್ತ ಮೇಲೆ ಅದರ ಮೈಬಣ್ಣ ಜಾಸ್ತಿ ದಿನ ನಿಲ್ಲುವುದಿಲ್ಲ. ಆದರೆ ಅದರ ಸೂಜಿಯಲ್ಲಿ, ಹುಳದ ಕೆಳಗೆ, ಉಗುರಿನಷ್ಟಗಲದ ಚೀಟಿ ಇತ್ತು. ಕನ್ನಡಕ ಹಾಕಿಕೊಂಡು ಬಗ್ಗಿ ಓದಿದೆ. ಊರ ಕೆರೆ ಏರಿ, ಜುಲೈ 1974, ಆಮೇಲೆ ಹಿಡಿದವರ ಹೆಸರು. ಇಂಕಿನ ಸಣ್ಣ ಅಕ್ಷರ.

ಆ ಕೆರೆ ಈಗ ಇಲ್ಲ. ಅಲ್ಲಿರುವುದು ಬಸ್ ಸ್ಟ್ಯಾಂಡ್. ಏರೋಪ್ಲೇನ್ ಚಿಟ್ಟೆಯ ಮರಿಗಳು ಬೆಳೆಯುವುದು ನೀರಿನೊಳಗೆ. ಬಸ್ ಸ್ಟ್ಯಾಂಡ್ ಜಾಗದಲ್ಲಿ ಒಂದು ಕಾಲಕ್ಕೆ ಇಂಥದ್ದು ಹುಟ್ಟಿ ಹಾರಾಡುತ್ತಿತ್ತು ಅನ್ನುವುದಕ್ಕೆ ಊರಿನಲ್ಲಿ ಉಳಿದಿರುವ ಸಾಕ್ಷಿ ಬಹುಶಃ ಆ ಚೀಟಿ ಒಂದೇ. ಜೀರ್ಜಿಂಬೆಗೆ ಚೀಟಿ ಇರಲಿಲ್ಲ. ಎಲ್ಲಿಯದು, ಯಾವ ಕಾಲದ್ದು, ಯಾರಿಗೂ ಗೊತ್ತಿಲ್ಲ. ನೋಡಲು ಅಷ್ಟು ಚೆಂದ, ಆದರೆ ಅಧ್ಯಯನ ಮಾಡುವವರಿಗೆ ಅದರಿಂದ ಹೆಚ್ಚೇನೂ ಸಿಗುವುದಿಲ್ಲ.

ನಮ್ಮ ರಾಜ್ಯದ ಚಿಟ್ಟೆ ಸದರ್ನ್ ಬರ್ಡ್‌ವಿಂಗ್ ಕೇಳಿರುತ್ತೀರಿ. ಕಪ್ಪು ಹಳದಿ ರೆಕ್ಕೆಯದು, ಪಶ್ಚಿಮ ಘಟ್ಟದಲ್ಲಿ ಈಶ್ವರಿ ಬಳ್ಳಿಯ ಮೇಲೆ ಮೊಟ್ಟೆ ಇಡುತ್ತದೆ. ಬ್ರಿಗೇಡಿಯರ್ ಇವಾನ್ಸ್ ಅನ್ನುವ ಬ್ರಿಟಿಷ್ ಸೇನಾಧಿಕಾರಿ 1932ರಲ್ಲಿ ಇದರ ರೆಕ್ಕೆಯಗಲ 190 ಮಿಲಿಮೀಟರ್ ಅಂತ ದಾಖಲಿಸಿದ್ದರು. ದೇಶದ ಅತಿ ದೊಡ್ಡ ಚಿಟ್ಟೆ ಅನ್ನುವ ಪಟ್ಟ ಆ ಒಂದು ಅಳತೆಯ ಮೇಲೆ 88 ವರ್ಷ ನಿಂತಿತ್ತು. 2020ರಲ್ಲಿ ಉತ್ತರಾಖಂಡದ ದೀದಿಹಾಟ್‌ನ ಒಂದು ಹೆಣ್ಣು ಗೋಲ್ಡನ್ ಬರ್ಡ್‌ವಿಂಗ್ 194 ಮಿಲಿಮೀಟರ್ ಬಂದು ಪಟ್ಟ ಕಿತ್ತುಕೊಂಡಿತು. ನಾಲ್ಕೇ ಮಿಲಿಮೀಟರ್! ಹೊಟ್ಟೆ ಉರಿಯಿತು ಅಂತ ಬೇಕಾದರೆ ಹೇಳುತ್ತೇನೆ. ಆದರೆ ಅವತ್ತು ಅಳೆದು ಬರೆದಿಡದೇ ಇದ್ದಿದ್ದರೆ ಹೋಲಿಸುವುದಕ್ಕೇ ಏನೂ ಇರುತ್ತಿರಲಿಲ್ಲ.

ಅಂದಹಾಗೆ, ಕಾಲೇಜಿನ ಆ ಪೆಟ್ಟಿಗೆಗಳ ಸ್ಥಿತಿ ಚೆನ್ನಾಗಿರಲಿಲ್ಲ. ಎರಡು ಮೂರು ಹುಳಗಳ ಕೆಳಗೆ ಸಣ್ಣ ಪುಡಿ ಉದುರಿತ್ತು. ಒಣಗಿದ ಹುಳವನ್ನೇ ತಿಂದು ಬದುಕುವ ಇನ್ನೊಂದು ಪುಟ್ಟ ಹುಳ ಇದೆ, ಮ್ಯೂಸಿಯಂಗಳಿಗೆ ದೊಡ್ಡ ಶತ್ರು. ಒಮ್ಮೆ ಒಳಗೆ ಸೇರಿಕೊಂಡರೆ ಕೊನೆಗೆ ಸೂಜಿ, ಚೀಟಿ ಮಾತ್ರ ಉಳಿಯುತ್ತವೆ. ನುಸಿಗುಳಿಗೆ ಯಾಕೆ ಇಟ್ಟಿಲ್ಲ ಅಂತ ಅಟೆಂಡರ್ ಅವರನ್ನು ಕೇಳಿದೆ. "ಇಂಡೆಂಟ್ ಹಾಕಿದೀವಿ ಸಾರ್, ಬಂದಿಲ್ಲ" ಅಂದರು. ಯಾವಾಗ ಹಾಕಿದ್ದು ಅಂತ ನಾನು ಕೇಳಲಿಲ್ಲ, ಅವರೂ ಹೇಳಲಿಲ್ಲ.

ದೊಡ್ಡ ಜಾಗಗಳಿಗೂ ಆಪತ್ತು ತಪ್ಪಿದ್ದಲ್ಲ. ದೆಹಲಿಯ ರಾಷ್ಟ್ರೀಯ ಪ್ರಾಕೃತಿಕ ಇತಿಹಾಸ ಸಂಗ್ರಹಾಲಯ 2016ರ ಏಪ್ರಿಲ್ 26ರಂದು ಬೆಂಕಿಗೆ ಸಿಕ್ಕು ಸುಟ್ಟುಹೋಯಿತು. ಅದರದ್ದೇ ಒಂದು ಶಾಖೆ ನಮ್ಮ ಮೈಸೂರಿನಲ್ಲಿದೆ, ಕಾರಂಜಿ ಕೆರೆ ದಡದಲ್ಲಿ, 1995ರಿಂದ. ದಕ್ಷಿಣ ಭಾರತದ ಗಿಡ, ಪ್ರಾಣಿ, ಕಾಡಿನ ಬಗ್ಗೆ ಮಾಡಿರುವ ಸಂಗ್ರಹಾಲಯ. ಮೃಗಾಲಯ ನೋಡಲು ಬಂದವರು ಅರ್ಧ ಗಂಟೆ ಉಳಿದರೆ ಇಲ್ಲಿಗೂ ಹೋಗಬಹುದು. ಮಕ್ಕಳು ಹುಲಿ, ಆನೆ ಕಡೆ ಓಡುತ್ತಾರೆ, ಓಡಲಿ. ನೀವು ಸಣ್ಣ ಪ್ರಾಣಿಗಳ ಹತ್ತಿರ ನಿಂತು ಕೆಳಗೆ ಬರೆದಿರುವುದನ್ನು ಓದಿ.

ಕ್ಯೂ ಕರಗಿ ನಮ್ಮ ಸರದಿ ಬರುವಷ್ಟರಲ್ಲಿ ಮಧ್ಯಾಹ್ನ ಎರಡು ಗಂಟೆ. ಮರುದಿನ ಬೆಳಗ್ಗೆ ಅಂಗಡಿಯಿಂದ ನುಸಿಗುಳಿಗೆಯ ನಾಲ್ಕು ಪಾಕೆಟ್ ತಂದು ಅಕ್ಕನ ಮಗಳ ಕೈಲಿ ಕೊಟ್ಟೆ. "ಮೊದಲನೇ ದಿನವೇ ಇದನ್ನ ಹಿಡ್ಕೊಂಡು ಹೋಗ್ಬೇಕಾ ಮಾಮ?" ಅಂತ ಮುಖ ಸಿಂಡರಿಸಿದಳು. ಬ್ಯಾಗಿಗಂತೂ ಹಾಕಿಕೊಂಡಳು.

ನಮಸ್ಕಾರ.