ಧೂಳಿನ ಕಣದಲ್ಲಿ ಕಾಣದ ಎತ್ತು

ಕೇಳುಗರಿಗೆಲ್ಲ ನಮಸ್ಕಾರ.

ಚಳ್ಳಕೆರೆ ಕಡೆ ನಮ್ಮಜ್ಜನದೊಂದು ಕಣ ಇತ್ತು. ನಡುವೆ ಮೇಟಿ ಕಂಬ, ಸುತ್ತ ಹರಡಿದ ರಾಗಿ ತೆನೆ, ಅದರ ಮೇಲೆ ಎತ್ತುಗಳು ಎಳೆಯುವ ರೋಣಗಲ್ಲು. ಗಾಳಿ ಎದ್ದರೆ ಮುಗೀತು, ಧೂಳಲ್ಲಿ ಎತ್ತೇ ಕಾಣುತ್ತಿರಲಿಲ್ಲ. ಹುಲ್ಲಿನಲ್ಲಿ ಬಿದ್ದ ದುಂಡನೆಯ ಜಾಡು ಮಾತ್ರ ಎದ್ದು ಕಾಣುತ್ತಿತ್ತು.

ಈಗಷ್ಟೇ ಹುಟ್ಟಿದ ನಕ್ಷತ್ರದ ಸುತ್ತಲೂ ಇಂಥದ್ದೇ ಒಂದು ಕಣ ಇರುತ್ತದೆ. ಅನಿಲ, ಧೂಳು ಸೇರಿದ ಭಾರೀ ತಟ್ಟೆ. ಗ್ರಹಗಳು ಹುಟ್ಟೋದು ಅದರೊಳಗೇ. ನಮ್ಮ ಭೂಮಿಯೂ ಸುಮಾರು 450 ಕೋಟಿ ವರ್ಷಗಳ ಹಿಂದೆ ಹಾಗೇ ಆದದ್ದು.

ಚಿಲಿ ದೇಶದ ಅಟಕಾಮಾ ಮರುಭೂಮಿಯಲ್ಲಿ, 5000 ಮೀಟರ್ ಎತ್ತರದಲ್ಲಿ, ಆಲ್ಮಾ ದೂರದರ್ಶಕ ಇದೆ. 66 ಡಿಶ್‌ಗಳು ಸೇರಿ ಒಂದೇ ಕಣ್ಣಾಗಿ ಕೆಲಸ ಮಾಡುತ್ತವೆ. 2014ರಲ್ಲಿ ಅದು ಎಚ್‌ಎಲ್ ಟಾರಿ ಎಂಬ ನಕ್ಷತ್ರದ ಚಿತ್ರ ತೆಗೆಯಿತು. ತಟ್ಟೆಯಲ್ಲಿ ಉಂಗುರದಾಚೆ ಉಂಗುರ, ನಡುನಡುವೆ ಕಪ್ಪು ಸಂದು. ಎತ್ತಿನ ಜಾಡೇ ಜಾಡು! ಇಲ್ಲಿ ಎತ್ತು ಅಂದರೆ ಸುತ್ತುತ್ತಾ ಧೂಳು ಸರಿಸುವ ಗ್ರಹ. ಆ ನಕ್ಷತ್ರಕ್ಕೆ ವಯಸ್ಸು ಹೆಚ್ಚೆಂದರೆ ಹತ್ತು ಲಕ್ಷ ವರ್ಷ. ನಕ್ಷತ್ರಗಳ ಲೆಕ್ಕದಲ್ಲಿ ಇನ್ನೂ ತೊಟ್ಟಿಲು ಬಿಟ್ಟಿಲ್ಲ.

ಆದರೆ ಸಂದು ಕಂಡ ಕೂಡಲೇ ಗ್ರಹ ಸಿಕ್ಕಿತು ಅನ್ನೋದು ಅವಸರವೇ. ನಕ್ಷತ್ರದಿಂದ ದೂರ ಹೋದಂತೆಲ್ಲ ಚಳಿ ಜಾಸ್ತಿ. ಅನಿಲ ಹೆಪ್ಪುಗಟ್ಟಿ ಧೂಳಿಗೆ ಅಂಟುವ ಕಡೆಯೂ ಉಂಗುರ ಮೂಡಬಹುದು. ಹಾಗಾಗಿ ಜಾಡಿನ ಜೊತೆ ಬೇರೆ ಸಾಕ್ಷಿ ಬೇಕು.

ಒಂದು ಸಾಕ್ಷಿ, ಅನಿಲದ ಓಟ. ದುರ್ಗದ ಹೈವೇ ಪಕ್ಕ ನಿಂತವರಿಗೆ ಇದು ಗೊತ್ತು: ಲಾರಿ ಹತ್ತಿರ ಬರುವಾಗ ಹಾರ್ನ್ ಕೀಚಲು, ದಾಟಿ ಹೋದ ಮೇಲೆ ದಪ್ಪ. ಅನಿಲದಿಂದ ಬರುವ ರೇಡಿಯೋ ಅಲೆಗಳೂ ಹೀಗೇ ಬದಲಾಗುತ್ತವೆ. ಅದರಿಂದ ವೇಗ ಗೊತ್ತಾಗುತ್ತದೆ. ಒಂದೇ ಸಮನೆ ಸುತ್ತಬೇಕಾದ ಅನಿಲ ಒಂದು ಕಡೆ ಮಾತ್ರ ಸೊಟ್ಟಗೆ ಓಡಿದರೆ, ಅಲ್ಲಿ ಯಾರೋ ಎಳೆಯುತ್ತಿದ್ದಾರೆ ಅಲ್ವಾ? 2018ರಲ್ಲಿ ಎಚ್‌ಡಿ 163296 ನಕ್ಷತ್ರದ ತಟ್ಟೆಯಲ್ಲಿ ಇಂಥ ಗುರುತುಗಳು ಸಿಕ್ಕವು.

ಅದೇ ವರ್ಷ ಎತ್ತೇ ಕಣ್ಣಿಗೆ ಬಿತ್ತು. ಸುಮಾರು 370 ಜ್ಯೋತಿರ್ವರ್ಷ ದೂರದ ಪಿಡಿಎಸ್ 70 ನಕ್ಷತ್ರದ ತಟ್ಟೆಯಲ್ಲಿ ದೊಡ್ಡದೊಂದು ಖಾಲಿ ಜಾಗ. ಎದುರು ಬರುವ ಬಸ್ಸಿನ ಹೆಡ್‌ಲೈಟಿಗೆ ನಾವು ಕೈ ಅಡ್ಡ ಹಿಡಿಯುತ್ತೇವಲ್ಲ, ಹಾಗೆ ನಕ್ಷತ್ರದ ಬೆಳಕನ್ನು ಮರೆಮಾಡಿ ನೋಡಿದರೆ, ಆ ಖಾಲಿ ಜಾಗದಲ್ಲೇ ಒಂದು ಚುಕ್ಕೆ! ಸಾವಿರ ಡಿಗ್ರಿ ಆಸುಪಾಸಿನ ಬಿಸಿಯಲ್ಲಿ ಹೊಳೆಯುವ ಎಳೆ ಗ್ರಹ. ಒಂದು ಸುತ್ತಿಗೆ ಸುಮಾರು 120 ವರ್ಷ. 2019ರಲ್ಲಿ ಅದರ ತಮ್ಮನೂ ಸಿಕ್ಕ. 2021ರಲ್ಲಿ ಆ ತಮ್ಮನ ಸುತ್ತಲೇ ಒಂದು ಪುಟ್ಟ ಧೂಳಿನ ತಟ್ಟೆ ಇರೋದು ಖಚಿತವಾಯಿತು. ಚಂದ್ರರು ಹುಟ್ಟುವ ಜಾಗ ಅದು. ಕಣದೊಳಗೊಂದು ಕಣ.

ಎಚ್‌ಎಲ್ ಟಾರಿಯ ಎತ್ತು ಮಾತ್ರ ಇನ್ನೂ ಧೂಳಲ್ಲೇ ಇದೆ. ಡಿಸೆಂಬರ್‌ನಲ್ಲಿ ರಾತ್ರಿ ಎಂಟರ ಹೊತ್ತಿಗೆ ಮಾಳಿಗೆ ಹತ್ತಿ ಪೂರ್ವಕ್ಕೆ ನೋಡಿ. ಕೆಂಪಗೆ ಹೊಳೆಯೋದು ರೋಹಿಣಿ, ನಮ್ಮ ರೋಹಿಣಿ ಮಳೆಗೆ ಹೆಸರು ಕೊಟ್ಟವಳು. ಕೈ ಚಾಚಿ ಅವಳ ಪಕ್ಕ, ಎಡಕ್ಕೆ ಸ್ವಲ್ಪ ಮೇಲೆ, ಹೆಬ್ಬೆರಳು ಹಿಡಿಯಿರಿ. ಆ ಬೆರಳಿನ ಅಂಚಿನಲ್ಲೇ, 450 ಜ್ಯೋತಿರ್ವರ್ಷ ಆಚೆ, ಆ ಕಣ ಇದೆ. ಬರಿಗಣ್ಣಿಗೆ ಏನೂ ಕಾಣೋದಿಲ್ಲ ಅನ್ನೋದು ನಿಜ. ಆದರೂ ನಾನು ಒಂದೆರಡು ಸಲ ಹಿಡಿದು ನೋಡಿದ್ದೇನೆ.